ಜೀನು ತೊಗಲಿನ ಗ್ಲೌಸು

ಎಲ್ಡನ್ ವರ್ತ್ ಎಸೆದ ಚೆಂಡು ಇಸಿಡೋರನ ಗ್ಲೌಸಿಗೆ ಬಿದ್ದರೆ ಸೇಂಟ್ ವೆಂಡೆಲ್ ಊರಿನ ಚರ್ಚಿನ ಗೋಪುರದಲ್ಲಿದ್ದ ಪಾರಿವಾಳಗಳು ಎದ್ದು ಹಾರುತ್ತಿದ್ದವು. ಶಾಲೆಯ ಮೈದಾನಕ್ಕೂ ಚರ್ಚಿಗೂ ನಡುವೆ ಒಂದು ರಸ್ತೆ, ಒಂದು ಗೋಧಿ ಉಗ್ರಾಣ, ಅಷ್ಟೇ. ಶನಿವಾರ ಮಧ್ಯಾಹ್ನ ಪಾಪನಿವೇದನೆ ಕೇಳಲು ಕೂತ ಪಾದ್ರಿಗಳು, ಆಟವಿದ್ದ ದಿನ, "ಇನ್ನೊಂದ್ಸಲ ಹೇಳಮ್ಮ, ವರ್ತ್ ಮನೆ ಹುಡುಗ ಎಸೀತಿದಾನೆ, ನಿನ್ನ ಪಾಪ ನನಗೆ ಕೇಳಿಸ್ಲಿಲ್ಲ" ಅನ್ನುತ್ತಿದ್ದರಂತೆ. ಕನ್ಸಾಸಿನ ಆ ಸೀಮೆಯಲ್ಲಿ ಜರ್ಮನ್ ಮಾತಾಡುವ ಮುದುಕರಿಗೆ ಬೇಸ್‌ಬಾಲ್ ಅರ್ಥವಾಗುತ್ತಿರಲಿಲ್ಲ. ಆದರೆ ಆ ಸದ್ದು ಎಲ್ಲರಿಗೂ ಅರ್ಥವಾಗುತ್ತಿತ್ತು. ಊರಿಗೊಬ್ಬ ಪಿಚರ್, ಅಂದರೆ ಚೆಂಡೆಸೆಯುವವನು, ಹುಟ್ಟಿದ್ದಾನೆ, ಅವನ ತೋಳಿನಲ್ಲಿ ಸಿಡಿಲಿದೆ ಎಂದು ಜನ ಮಾತಾಡಿಕೊಂಡರು. ಎಲ್ಡನ್ ಕೂಡ ಹಾಗೆಯೇ ತಿಳಿದಿದ್ದ. ಹದಿನೇಳರ ಹುಡುಗನಿಗೆ ಊರೆಲ್ಲ ಒಂದೇ ಮಾತು ಹೇಳಿದರೆ ಅವನಾದರೂ ಯಾಕೆ ಅನುಮಾನಪಡಬೇಕು?

ಇಸಿಡೋರ್ ಡ್ರೈಲಿಂಗ್, ಗೆಳೆಯರ ಬಾಯಲ್ಲಿ ಇಝಿ, ಅವನ ಕ್ಯಾಚರ್. ಬ್ಯಾಟು ಹಿಡಿದವನ ಬೆನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು, ಎಸೆದದ್ದನ್ನೆಲ್ಲ ಹಿಡಿಯುವ ಕೆಲಸ. ಮುಖಕ್ಕೆ ಕಬ್ಬಿಣದ ಜಾಲರಿ, ಎದೆಗೆ ಮೆತ್ತೆ, ಮೊಣಕಾಲಿಗೆ ಕವಚ. ಯಾರಿಗೂ ಬೇಡದ ಕೆಲಸ, ಇಝಿಗೆ ಮಾತ್ರ ಪ್ರಾಣ. ತೊಂದರೆ ಏನೆಂದರೆ ಇಝಿ ಎಡಚ. ಎಡಚ ಪಿಚರ್ ಆಗಬಹುದು, ಓಡುವವರು ಮುಟ್ಟಬೇಕಾದ ಒಂದನೇ ಬೇಸಿನಲ್ಲಿ ನಿಲ್ಲಬಹುದು. ಕ್ಯಾಚರ್ ಮಾತ್ರ ಆಗಕೂಡದು. ಕಾರಣ ಕೇಳಿದರೆ ಒಬ್ಬೊಬ್ಬರದು ಒಂದೊಂದು: ಮೂರನೇ ಬೇಸಿಗೆ ಎಸೆಯುವಾಗ ಮೈ ಪೂರ್ತಿ ತಿರುಗಿಸಬೇಕಾಗುತ್ತದೆ, ಓಡಿ ಬಂದವನನ್ನು ಮುಟ್ಟಲು ಕೈ ಅಡ್ಡ ತರಬೇಕಾಗುತ್ತದೆ. ನಿಜವಾದ ಕಾರಣ, ಹಿಂದೆ ಯಾರೂ ಆಗಿಲ್ಲ ಎಂಬುದು. ಸೇಂಟ್ ವೆಂಡೆಲ್ ಶಾಲೆಯಲ್ಲಿ ಲೆಕ್ಕ ಹಾಕಿ ಒಂಬತ್ತು ಹುಡುಗರು ಸಿಕ್ಕುವುದೇ ಕಷ್ಟವಾಗಿದ್ದರಿಂದ ಕೋಚ್ ಬೀಕರ್ ಆ ಕಟ್ಟಳೆಯನ್ನು ಗಾಳಿಗೆ ತೂರಿದ್ದರು.

ಎಡಚರಿಗೆ ಕ್ಯಾಚರ್ ಗ್ಲೌಸು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಹಾಗಾಗಿ ಇಝಿಯ ಸೋದರಮಾವ ಅಲೋಯಿಸ್, ಕುದುರೆ ಜೀನು ಹೊಲಿಯುವವನು, ಒಂದು ಹಳೆಯ ಜೀನಿನ ಕೂರುವ ಭಾಗವನ್ನೇ ಕತ್ತರಿಸಿ ಬಲಗೈಗೆ ಹಾಕುವಂಥ ಗ್ಲೌಸು ಹೊಲಿದುಕೊಟ್ಟ. ಅವನು ಹುಟ್ಟಿದಾಗಿನಿಂದ ಬೇಸ್‌ಬಾಲ್ ನೋಡಿದವನಲ್ಲ. ಅಂಗೈ ಭಾಗಕ್ಕೆ ತುಂಬಬೇಕಾದ ಮೆತ್ತೆಯನ್ನೆಲ್ಲ ಅಂಚಿಗೆ ತುಂಬಿ, ನಡುವೆ ತಮಟೆಯಂತೆ ಬಿಗಿದ ಬರಿ ತೊಗಲು ಬಿಟ್ಟಿದ್ದ. ಜೀನಿಗೆ ಹಚ್ಚುವ ಎಣ್ಣೆಯ ವಾಸನೆ ಹೊಡೆಯುತ್ತಿದ್ದ ಅದನ್ನು ಹುಡುಗರು ಜೀನು ಎಂದೇ ಕರೆದರು. ಅದರಲ್ಲಿ ಚೆಂಡು ಹಿಡಿದು ಇಝಿಯ ಅಂಗೈ ಹಗಲೆಲ್ಲ ಬೀಟ್‌ರೂಟಿನ ಬಣ್ಣಕ್ಕಿರುತ್ತಿತ್ತು. ಅವನು ಒಂದು ದಿನವೂ ಬಾಯಿ ಬಿಡಲಿಲ್ಲ.

ಆ ಸದ್ದಿಗೆ ಎದುರು ತಂಡದ ಹುಡುಗರು ನಡುಗಿಹೋಗುತ್ತಿದ್ದರು. ಕಿವಿಯ ಹಿಂದೆಯೇ ಢಮ್ ಎಂದರೆ ಮುಂದಿನ ಚೆಂಡು ಬರುವ ಮೊದಲೇ ಬ್ಯಾಟು ಬೀಸಿ, ಗಾಳಿಗೆ ಹೊಡೆದು, ತಲೆ ತಗ್ಗಿಸಿ ಹೋಗುವುದು. ಕೊನೆಯ ವರ್ಷ ಎಲ್ಡನ್ ಸೋತದ್ದು ಒಂದೇ ಆಟ, ಅದೂ ಇಝಿಗೆ ಮಂಗನಬಾವು ಬಂದ ವಾರ. ಇದನ್ನು ಯಾರೂ ಗಮನಿಸಲಿಲ್ಲ ಎಂದರೆ ನಂಬುವುದು ಕಷ್ಟ. ಆದರೆ ಗೆಲ್ಲುತ್ತಿರುವ ಊರು ಏನನ್ನೂ ಗಮನಿಸುವುದಿಲ್ಲ.

ಆ ಮೇ ತಿಂಗಳಲ್ಲಿ ದೊಡ್ಡ ತಂಡವೊಂದಕ್ಕೆ ಆಟಗಾರರನ್ನು ಆರಿಸುವ ಟಾರ್ಪ್ಲಿ ಎಂಬವನು ಬಂದ. ಅವನು ಬಂದದ್ದು ಎದುರು ತಂಡದ ಹುಡುಗನೊಬ್ಬನನ್ನು ನೋಡಲು. ಹೊಟ್ಟೆ ಹಸಿದಿತ್ತು, ಗ್ಯಾಲರಿಯ ಹಿಂದೆ ಚರ್ಚಿನ ಹೆಂಗಸರು ಮಾರುತ್ತಿದ್ದ ಬೀರಾಕ್, ಅಂದರೆ ದನದ ಮಾಂಸ, ಎಲೆಕೋಸು ತುಂಬಿದ ಬನ್ನು, ಕೊಂಡು ಇನ್ನೇನು ಬಾಯಿಗಿಡಬೇಕು, ಢಮ್! ಬನ್ನು ಹಿಡಿದ ಕೈ ಅಲ್ಲೇ ನಿಂತಿತು.

"ಯಾರಮ್ಮ ಅದು?" ಎಂದ.

"ನಮ್ಮ ಎಲ್ಡನ್. ಸಾಸಿವೆ ಬೇಕಾ ನಿಮಗೆ?"

ಅವನಿಗೆ ಸಾಸಿವೆ ಬೇಕಾಗಿರಲಿಲ್ಲ. ಆ ಕಾಲದಲ್ಲಿ ವೇಗ ಅಳೆಯುವ ಯಂತ್ರವಿನ್ನೂ ಬಂದಿರಲಿಲ್ಲ. ಆ ಕಸುಬಿನ ಹಳಬರು ಕಣ್ಣಿಗಿಂತ ಕಿವಿಯನ್ನು ನಂಬುತ್ತಿದ್ದರು. ಗ್ಲೌಸಿನ ಸದ್ದು ಕೇಳಿ ತೋಳಿನ ಬೆಲೆ ಕಟ್ಟುತ್ತೇವೆಂದು ಜಂಬ ಕೊಚ್ಚಿಕೊಳ್ಳುತ್ತಿದ್ದರು. ಟಾರ್ಪ್ಲಿ ಬೆಂಚಿನ ತುದಿಯಲ್ಲಿ ಕೂತು ಸಂಗೀತ ಕಚೇರಿಗೆ ಬಂದವನಂತೆ ಕಣ್ಣು ಮುಚ್ಚಿ ಆಟ ಮುಗಿಯುವವರೆಗೆ ಕೇಳಿದ.

ಸಂಜೆ ವರ್ತ್ ಮನೆಯ ಅಡುಗೆಮನೆಯಲ್ಲಿ ಕಾಗದಕ್ಕೆ ರುಜು ಬಿತ್ತು. ಎಲ್ಡನ್ನನ ಅಮ್ಮ ಜಪಮಾಲೆ ಹಿಡಿದು ಅತ್ತಳು. ಅಪ್ಪ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿನಿಂದ ತೆಗೆದು ಮತ್ತೆ ಜೇಬಿಗೆ ಹಾಕಿದ. ಇಝಿ ಬಾಗಿಲ ಬಳಿ ನಿಂತಿದ್ದ.

"ಇವನನ್ನೂ ಕರ್ಕೊಂಡು ಹೋಗಿ ಸರ್. ನನ್ನ ಚೆಂಡು ಇವನಷ್ಟು ಚೆನ್ನಾಗಿ ಯಾರೂ ಹಿಡಿಯಲ್ಲ," ಎಂದ ಎಲ್ಡನ್.

ಟಾರ್ಪ್ಲಿ ಇಝಿಯನ್ನು ಮೇಲಿಂದ ಕೆಳಗೆ ನೋಡಿದ. "ಎಡಚ ಕ್ಯಾಚರ್ರಾ? ಮಗಾ, ಅದಕ್ಕಿಂತ ನೀನು ಪೋಪ್ ಆಗೋದು ಸುಲಭ."

"ಅದಕ್ಕೆ ಲ್ಯಾಟಿನ್ ಬರ್ಬೇಕಲ್ಲ ಸರ್, ನಂದು ಅಲ್ಲೂ ಫೇಲು," ಎಂದ ಇಝಿ. ಎಲ್ಲರೂ ನಕ್ಕರು, ಅವನೂ ನಕ್ಕ. ಮಾರನೆಯ ವಾರದಿಂದ ಅವನು ಎಲ್ಡನ್ನನ ಅಪ್ಪನ ಗೋಧಿ ಲಾರಿ ಓಡಿಸುವ ಕೆಲಸಕ್ಕೆ ಸೇರಿಕೊಂಡ.

ಎಲ್ಡನ್ನನನ್ನು ಕಳಿಸಿದ್ದು ನೆಬ್ರಾಸ್ಕಾದ ಹಾರ್ಲನ್ ಸ್ಪ್ರಿಂಗ್ಸ್ ಎಂಬ ಊರಿಗೆ. ಅಲ್ಲಿಯದು ಡಿ ದರ್ಜೆಯ ಲೀಗು, ದೊಡ್ಡ ತಂಡಗಳು ಹುಡುಗರನ್ನು ಪಳಗಿಸುವ ಮೈನರ್ ಲೀಗುಗಳಲ್ಲಿ ಅದಕ್ಕಿಂತ ಕೆಳಗೆ ಇನ್ನೊಂದಿಲ್ಲ. ಹರಕು ಬಸ್ಸು, ಸ್ನಾನದ ಮನೆಯಲ್ಲಿ ಎರಡೇ ನಲ್ಲಿ, ರಾತ್ರಿ ಆಟಕ್ಕೆ ದೀಪಕ್ಕಿಂತ ಹುಳುಗಳೇ ಹೆಚ್ಚು. ಎಲ್ಡನ್ನನಿಗೆ ಎಲ್ಲವೂ ಸ್ವರ್ಗವಾಗಿ ಕಂಡಿತು. ಬೆನ್ನ ಮೇಲೆ ಸಂಖ್ಯೆಯಿದ್ದ ಅಂಗಿಯನ್ನು ಮೂರು ಸಲ ಹಾಕಿ ತೆಗೆದ.

ಮೊದಲ ದಿನ ಬೇಲಿಯ ಪಕ್ಕ, ಪಿಚರ್‌ಗಳು ತೋಳು ಬಿಸಿ ಮಾಡಿಕೊಳ್ಳುವ ಜಾಗದಲ್ಲಿ, ತಂಡದ ಕ್ಯಾಚರ್ ಡೊನೊಹ್ಯೂ ಅವನ ಎದುರು ಕೂತ. ತಂಡದ ಮ್ಯಾನೇಜರ್ ಟಲ್ಲಿ ಸೂರ್ಯಕಾಂತಿ ಬೀಜ ಅಗಿಯುತ್ತ ಬಂದು ನಿಂತ. ಐವತ್ತೇಳರ ಮನುಷ್ಯ, ಹುಡುಗರೆಲ್ಲ ಅವನನ್ನು ಕರೆಯುತ್ತಿದ್ದುದು ಸ್ಕಿಪ್ ಎಂದು. ಎಲ್ಡನ್ ಮೈಯ ಬಲವನ್ನೆಲ್ಲ ಸೇರಿಸಿ ಎಸೆದ. ಚೆಂಡು ಡೊನೊಹ್ಯೂನ ಗ್ಲೌಸಿಗೆ ಬಿದ್ದು ಪುಸ್ ಎಂದಿತು.

ಎಲ್ಡನ್ ವಾಪಸ್ ಬಂದ ಚೆಂಡನ್ನು ತಿರುಗಿಸಿ ನೋಡಿದ. ಇನ್ನೊಂದು ಎಸೆದ. ಪುಸ್.

"ಪ್ರಯಾಣದ ಆಯಾಸ ಇರ್ಬೇಕು," ಎಂದ ಸ್ಕಿಪ್. "ಟಾರ್ಪ್ಲಿ ಏನೋ ಸಿಡಿಲು ಗಿಡಿಲು ಅಂತಿದ್ದ. ಸಿಡಿಲನ್ನ ಊರಲ್ಲೇ ಬಿಟ್ಟು ಬಂದ್ಯಾ ಮಗಾ?"

ಬಿಟ್ಟು ಬಂದೆನೇ ಎಂದು ಎಲ್ಡನ್ನನಿಗೂ ಅನ್ನಿಸಿತು. ಅವನು ಮೊದಲು ಪ್ರಯಾಣವನ್ನು ದೂರಿದ, ಆಮೇಲೆ ನೀರನ್ನು, ಆಮೇಲೆ ಹೋಟೆಲಿನ ಹಾಸಿಗೆಯನ್ನು. ಬೆಂಚಿನ ಮೇಲೆ ಮಲಗಿ ತೋಳಿಗೆ ಔಷಧಿ ತಿಕ್ಕಿಸಿಕೊಂಡ. ಚರ್ಮ ಸುಟ್ಟಿತೇ ಹೊರತು ಸದ್ದು ಬರಲಿಲ್ಲ. ಆಟಗಳಲ್ಲಿ ಬ್ಯಾಟಿನವರು ಅವನ ಚೆಂಡಿಗೆ ನೆಂಟರಿಗೆ ಕಾಯುವಂತೆ ಆರಾಮವಾಗಿ ಕಾದು, ಬಂದ ಮೇಲೆ ಬಾರಿಸಿದರು. ಎದುರು ತಂಡದವರು ಬೆಂಚಿನಿಂದಲೇ ಕೂಗುತ್ತಿದ್ದರು: "ಏಯ್, ನಿಮ್ಮಜ್ಜಿಯನ್ನ ಕಳಿಸೋ, ಅವಳು ಇದಕ್ಕಿಂತ ಜೋರಾಗಿ ಎಸೀತಾಳೆ!" ಎಲ್ಡನ್ನನಿಗೆ ಅಳು ಬರುತ್ತಿತ್ತು. ಅವನ ತೋಳು ನೋಯುತ್ತಿರಲಿಲ್ಲ, ಅದೇ ಅವನ ಭಯ. ನೋವಿದ್ದರೆ ವಾಸಿಯಾಗುತ್ತದೆಂದು ಕಾಯಬಹುದಿತ್ತು.

ಜುಲೈ ಮಧ್ಯದಲ್ಲಿ ಸ್ಕಿಪ್ ಅವನನ್ನು ಕರೆದು ಕೂರಿಸಿದ.

"ಮೇಲಿನಿಂದ ಇನ್ನೊಬ್ಬ ಪಿಚರ್ ಬರ್ತಿದಾನೆ. ಒಬ್ಬನನ್ನ ಮನೆಗೆ ಕಳಿಸ್ಬೇಕು. ಭಾನುವಾರದವರೆಗೆ ಟೈಮ್ ಇದೆ. ಟಾರ್ಪ್ಲಿಗೆ ಕೇಳಿಸಿದ್ದು ನನಗೂ ಒಂದ್ಸಲ ಕೇಳಿಸಿಬಿಡು, ನಿನ್ನನ್ನ ಇಟ್ಕೊಳ್ತೀನಿ."

ಎಲ್ಡನ್ ಔಷಧಿ ಅಂಗಡಿಯ ಫೋನಿನಿಂದ ಮನೆಗೆ ಮಾತಾಡಿದ. "ಅಪ್ಪ, ನನ್ನ ತೋಳು ಸತ್ತೋಗಿದೆ," ಎಂದ. ಅಪ್ಪನಿಗೆ ಫೋನಿನಲ್ಲಿ ಮಾತು ಬರುವುದಿಲ್ಲ. "ಸುಗ್ಗಿ ಮುಗೀತು. ಇಝಿಯನ್ನ ಕಳಿಸ್ತೀನಿ," ಎಂದು ಇಟ್ಟುಬಿಟ್ಟ.

ಶನಿವಾರ ಬೆಳಿಗ್ಗೆ ಮೈದಾನದ ಹಿಂದೆ ಗೋಧಿ ಲಾರಿ ನಿಂತಿತು. ಇಝಿ ಇಳಿದ, ಒಂದು ಕೈಯಲ್ಲಿ ಎಲ್ಡನ್ನನ ಅಮ್ಮ ಕೊಟ್ಟ ಬೀರಾಕಿನ ಡಬ್ಬ, ಇನ್ನೊಂದರಲ್ಲಿ ಜೀನು.

"ಏನೋ ಹೀಗಾಗಿದೀಯ? ಇಲ್ಲಿ ಅನ್ನ ನೀರು ಕೊಡಲ್ವಾ ನಿಂಗೆ?"

"ಆಮೇಲೆ ತಿನ್ನೋಣ. ಬಾ, ಕೂತ್ಕೊ," ಎಂದು ಎಲ್ಡನ್ ತಂಡದ ಜಾಲರಿಯೊಂದನ್ನು ಅವನಿಗೆ ಕೊಟ್ಟು ಬೇಲಿಯ ಪಕ್ಕಕ್ಕೆ ಎಳೆದುಕೊಂಡು ಹೋದ.

ಮೊದಲ ಚೆಂಡು ಎಸೆದ. ಢಮ್!

ಎಲ್ಡನ್ನನಿಗೆ ಮೈ ಜುಮ್ಮೆಂದಿತು. ಇನ್ನೊಂದು. ಢಮ್! ಅವನಿಗೆ ಕೂಗಬೇಕೆನ್ನಿಸಿತು, ಕೂಗಿದ ಕೂಡ. ತಿಂಗಳಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದು, ನೆಲದ ಮೇಲೆ ಕಾಲು ನಿಲ್ಲದಂಥ ಸಂತೋಷವಾಯಿತು. ಬಟ್ಟೆ ಬದಲಿಸುವ ಕೊಠಡಿಯಿಂದ ಹುಡುಗರು ಬನಿಯನ್ನಿನಲ್ಲೇ ಓಡಿ ಬಂದರು. ಸ್ಕಿಪ್ ಗಡ್ಡಕ್ಕೆ ಹಚ್ಚಿದ್ದ ಸೋಪಿನ ನೊರೆ ಸಮೇತ ಬಂದ.

"ಇನ್ನೊಂದು ಎಸಿ," ಎಂದ.

ಢಮ್!

"ಅಬ್ಬಬ್ಬಾ!" ಎಂದ ಯಾರೋ. ಎಲ್ಡನ್ ಟೊಪ್ಪಿ ತೆಗೆದು ಬೆವರು ಒರೆಸಿ ನಕ್ಕ. "ಬಂತು ಸ್ಕಿಪ್. ವಾಪಸ್ ಬಂತು."

ಸ್ಕಿಪ್ ನಗಲಿಲ್ಲ. ಅವನು ಎಲ್ಡನ್ನನ ತೋಳು ನೋಡುತ್ತಿರಲಿಲ್ಲ, ಇಝಿಯ ಕೈ ನೋಡುತ್ತಿದ್ದ. "ಲೋ ಪ್ರೂಯಿಟ್, ನೀನು ಬಾ," ಎಂದ.

ಪ್ರೂಯಿಟ್ ತಂಡದ ಹಿರಿಯ ಪಿಚರ್. ಮೂವತ್ತು ದಾಟಿದವನು, ವೇಗವಿಲ್ಲ, ಬರೀ ಚಾಲಾಕಿತನದಿಂದ ದಿನ ನೂಕುತ್ತಿದ್ದವನು. ಅವನ ತೋಳು ಪಾತ್ರೆ ಒರೆಸುವ ಬಟ್ಟೆ ಇದ್ದ ಹಾಗೆ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಪ್ರೂಯಿಟ್ ಎಸೆದ. ಢಮ್!

ಪ್ರೂಯಿಟ್ ತನ್ನ ಕೈಯನ್ನೇ ತಿರುಗಿಸಿ ನೋಡಿಕೊಂಡ. "ಇದು ನನ್ನದಾ?" ಎಂದ. ಹುಡುಗರು ಹೋ ಎಂದು ನಕ್ಕರು. ಸ್ಕಿಪ್ ಚೆಂಡು ಇಸಿದುಕೊಂಡು, ಮುಖದ ಮೇಲಿನ ನೊರೆ ಹಾಗೆಯೇ ಇರಲು, ನಾಯಿಮರಿಗೆ ಎಸೆಯುವ ಹಾಗೆ ಒಂದು ಎಸೆದ. ಢಮ್! ಈಗಂತೂ ಎಲ್ಲರೂ ಹೊಟ್ಟೆ ಹಿಡಿದುಕೊಂಡರು. ಡೊನೊಹ್ಯೂ ನೆಲಕ್ಕೆ ಬಿದ್ದು ಹೊರಳಾಡಿದ.

ಎಲ್ಡನ್ ಟೊಪ್ಪಿ ಕೈಯಲ್ಲಿ ಹಿಡಿದು ನಿಂತಿದ್ದ. ಅವನಿಗೂ ನಗಬೇಕೆನ್ನಿಸಿತು, ತುಟಿ ಒಪ್ಪಲಿಲ್ಲ. ಒಬ್ಬೊಬ್ಬರಾಗಿ ಅವನ ಮುಖ ನೋಡಿದರು, ನೋಡಿದವರು ನಗು ನಿಲ್ಲಿಸಿದರು. ಇಝಿ ಜಾಲರಿ ತೆಗೆಯದೆ ಕೂತೇ ಇದ್ದ.

ಸ್ಕಿಪ್ ಹತ್ತಿರ ಬಂದು ಎಲ್ಡನ್ನನ ಭುಜದ ಮೇಲೆ ಕೈಯಿಟ್ಟ. "ನಿನ್ನ ತೋಳಿಗೆ ಏನೂ ಆಗಿಲ್ಲ ಮಗಾ," ಎಂದ. "ಅದು ಮೊದಲಿಂದ ಇದ್ದದ್ದೇ ಇಷ್ಟು."

ಆದರೂ ಸ್ಕಿಪ್ ಮಾತಿನ ಮನುಷ್ಯ. ಭಾನುವಾರದವರೆಗೆ ಎಂದಿದ್ದ, ಆ ಸಂಜೆಯ ಆಟವನ್ನು ಎಲ್ಡನ್ನನಿಗೇ ಕೊಟ್ಟ. ಆಟಕ್ಕೆ ಮುಂಚೆ, ಎದುರು ತಂಡದ ಬೆಂಚಿನ ಹತ್ತಿರವೇ, ಇಝಿಯನ್ನು ಕೂರಿಸಿ ತೋಳು ಬಿಸಿ ಮಾಡಿಕೊಳ್ಳಲು ಹೇಳಿದ. ಢಮ್ ಢಮ್ ಎಂದು ಸದ್ದು ಹೊರಟಾಗ ಅವರ ಮಾತು ನಿಂತಿತು. ಬ್ಯಾಟು ಉಜ್ಜುತ್ತಿದ್ದವರು ಉಜ್ಜುವುದನ್ನು ಬಿಟ್ಟು ತಿರುಗಿ ನೋಡಿದರು. ಮೊದಲ ಸರದಿಯಲ್ಲಿ ಬಂದ ಮೂವರೂ ಚೆಂಡು ಬರುವ ಮೊದಲೇ ಬೀಸಿ, ಸುಮ್ಮನೆ ವಾಪಸ್ಸಾದರು. ಆದರೆ ಆಟದಲ್ಲಿ ಹಿಡಿಯುತ್ತಿದ್ದವನು ಡೊನೊಹ್ಯೂ. ಎರಡನೆಯ ಸರದಿಯ ಹೊತ್ತಿಗೆ ಅವರಿಗೆ ಗುಟ್ಟು ತಿಳಿಯಿತು. ಎಲ್ಡನ್ ತನ್ನ ನಿಜವಾದ ವೇಗ ತಿಳಿದು ಎಸೆದ ಮೊದಲ ಆಟ ಅದು. ಕೆಳಗೆ ಎಸೆದ, ಅಂಚಿಗೆ ಎಸೆದ, ತನಗೆ ಗೊತ್ತಿದ್ದದ್ದನ್ನೆಲ್ಲ ಮಾಡಿದ. ಅವರು ಬಾರಿಸಿದರು. ಅವನನ್ನು ಆಟದಿಂದ ಇಳಿಸಲು ಸ್ಕಿಪ್ ನಡೆದು ಬಂದು ಕೈ ಚಾಚಿದಾಗ ಅವನು ಚೆಂಡನ್ನು ಆ ಅಂಗೈಯಲ್ಲಿಟ್ಟ.

ಆಟ ಮುಗಿದ ಮೇಲೆ ಸ್ಕಿಪ್ ಇಬ್ಬರನ್ನೂ ಕರೆದ. ಎಲ್ಡನ್ನನ ಕೈ ಕುಲುಕಿ ವಿದಾಯ ಹೇಳಿದ. ಆಮೇಲೆ ಇಝಿಯ ಕಡೆ ತಿರುಗಿದ.

"ನೀನು ಇಲ್ಲೇ ಇರು. ಆಟ ಆಡಿಸೋಕಾಗಲ್ಲ, ಎಡಚನ್ನ ಕ್ಯಾಚರ್ ಮಾಡಿದ್ರೆ ನನ್ನನ್ನ ಹುಚ್ಚಾಸ್ಪತ್ರೆಗೆ ಸೇರಿಸ್ತಾರೆ. ಆದ್ರೆ ಬೇಲಿ ಪಕ್ಕದಲ್ಲಿ ಓಡೋರು ಯಾರೂ ಇರಲ್ವಲ್ಲ, ಅಲ್ಲಿ ಎಡಗೈ ಆದ್ರೇನು ಬಲಗೈ ಆದ್ರೇನು. ನನ್ನ ಪಿಚರ್‌ಗಳ ತೋಳು ಬಿಸಿ ಮಾಡಿಸು. ಬಟ್ಟೆ ಒಗೀಬೇಕು, ಬಸ್ಸಿಗೆ ಸಾಮಾನು ಹಾಕ್ಬೇಕು, ಅದೂ ಇದೆ. ಪ್ರೂಯಿಟ್ ಮುಖ ನೋಡಿದ್ಯಾ ಇವತ್ತು? ಹತ್ತು ವರ್ಷದಿಂದ ಅವನು ಹಂಗೆ ಎದೆ ಉಬ್ಬಿಸಿ ನಡೆದಿದ್ದು ನಾನು ನೋಡಿಲ್ಲ."

"ಇಲ್ಲ ಸರ್," ಎಂದ ಇಝಿ. "ಎಲ್ಡನ್ ಹೊರಟ್ರೆ ನಾನೂ ಹೊರಟೆ."

ಭಾನುವಾರ ಬೆಳಿಗ್ಗೆ ಇಬ್ಬರೂ ಲಾರಿಯ ಹತ್ತಿರ ನಿಂತಿದ್ದರು. ಎಲ್ಡನ್ ಪೆಟ್ಟಿಗೆಯನ್ನು ಹಿಂದೆ ಎಸೆದು ಬಂದ.

"ನಿಂಗೆ ಗೊತ್ತಿತ್ತಾ?"

ಇಝಿ ಜೀನನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದ. "ಗೊತ್ತಿತ್ತು."

"ಯಾವಾಗಿಂದ?"

"ಮೊದಲ್ನೇ ದಿನದಿಂದ. ಮಾವ ಹೊಲಿದು ಮುಗಿಸಿ, ಹೆಂಗಿದೆ ನೋಡೋಣ ಅಂತ ಆಲೂಗಡ್ಡೆ ಎಸೆದ. ಅದಕ್ಕೂ ಢಮ್ ಅಂತು."

"ಆಲೂಗಡ್ಡೆಗೆ!" ಎಲ್ಡನ್ನನ ಮುಖಕ್ಕೆ ರಕ್ತ ನುಗ್ಗಿತು. "ಮೂರು ವರ್ಷ ನನ್ನನ್ನ ಕೋಡಂಗಿ ಮಾಡಿದ್ಯಲ್ಲೋ! ಒಂದು ಮಾತು ಹೇಳೋಕಾಗ್ಲಿಲ್ವಾ?"

"ಹೆಂಗೆ ಹೇಳ್ಲೋ? ನೀನು ಅಷ್ಟು ಖುಷಿಯಾಗಿದ್ದೆ." ಇಝಿ ನೆಲ ನೋಡಿದ. "ಸುಳ್ಳ್ಯಾಕೆ ಹೇಳ್ಲಿ, ನನ್ನ ಸ್ವಾರ್ಥನೂ ಇತ್ತು. ಹೇಳಿದ್ರೆ ಕೋಚ್ ಬೇರೆ ಗ್ಲೌಸು ತರ್ಸಿ ಬೇರೆಯವನನ್ನ ಕೂರಿಸ್ತಿದ್ರು. ನಂಗೆ ಹಿಡಿಯೋದು ಬಿಟ್ಟು ಬೇರೇನೂ ಬರಲ್ಲ."

ಎಲ್ಡನ್ ಅವನ ಕೈಯಿಂದ ಜೀನನ್ನು ಕಿತ್ತುಕೊಂಡ. ಪಕ್ಕದಲ್ಲೇ ಕಾಲುವೆ ಹರಿಯುತ್ತಿತ್ತು. ಎಸೆಯಬೇಕೆಂದು ಕೈ ಎತ್ತಿದವನು, ಯಾಕೋ, ಅದರೊಳಗೆ ಕೈ ತೂರಿಸಿದ. ಅವನು ಅದನ್ನು ಹಾಕಿಕೊಂಡು ನೋಡಿದ್ದೇ ಇಲ್ಲ. ಒಳಗೆ ತೊಗಲು ಇಝಿಯ ಬೆರಳುಗಳ ಆಕಾರಕ್ಕೆ ಸವೆದು ನುಣುಪಾಗಿತ್ತು. ಎಲ್ಡನ್ ಎಡಗೈಯಿಂದ ನಡುವೆ ಒಂದು ಗುದ್ದು ಗುದ್ದಿಕೊಂಡ. ಸದ್ದೇನೋ ಬಂತು. ಅದರ ಜೊತೆ ಅಂಗೈಯಲ್ಲಿ ಉರಿಯೂ ಬಂತು. ನಡುವೆ ಮೆತ್ತೆಯೇ ಇರಲಿಲ್ಲ. ಮೂರು ವರ್ಷ ತಾನು ಎಸೆದ ಒಂದೊಂದು ಚೆಂಡೂ ಈ ಕೈಯನ್ನು ಹೀಗೆ ಸುಟ್ಟಿದೆ ಎಂಬುದು ಅವನಿಗೆ ಆಗ ಹೊಳೆಯಿತು.

ಅವನು ಗ್ಲೌಸನ್ನು ಇಝಿಯ ಎದೆಗೆ ಒತ್ತಿದ.

"ಲಾರಿ ಕೀಲಿ ಕೊಡು."

"ನಾನೇ ಓಡಿಸ್ತೀನಿ ಬಿಡೋ."

"ಕೀಲಿ ಕೊಡು ಅಂದೆ. ನಮ್ಮಪ್ಪನ ಲಾರಿ ಓಡಿಸೋಕೆ ನಾನಿದೀನಿ. ನೀನು ಹೋಗಿ ಅವರ ಚಡ್ಡಿ ಒಗಿ, ಹೋಗು." ಸಿಟ್ಟು ಇನ್ನೂ ಇಳಿದಿರಲಿಲ್ಲ. "ನನ್ನ ಮುಖ ನೋಡ್ಕೊಂಡು ನೀನೂ ಬಂದ್ಬಿಟ್ರೆ ನಾನು ಜನ್ಮದಲ್ಲಿ ನಿನ್ನ ಜೊತೆ ಮಾತಾಡಲ್ಲ ಕಣೋ ಇಝಿ. ನಿಜವಾಗ್ಲೂ ಮಾತಾಡಲ್ಲ."

ಇಝಿ ಕೀಲಿ ಕೊಟ್ಟ. ಅಷ್ಟರಲ್ಲಿ ಬೇಲಿಯ ಆ ಕಡೆಯಿಂದ, "ಏಯ್ ಎಡಚ, ಹೋಗೋಕೆ ಮುಂಚೆ ಒಂದ್ಸಲ ಬಾರೋ!" ಎಂದು ಯಾರೋ ಕರೆದರು. ಅವನು ಒಂದು ಸಲ ತಿರುಗಿ ನೋಡಿ, ಓಡಿದ.

ಎಲ್ಡನ್ ಲಾರಿ ಹತ್ತಿ ಕೂತ. ಸೀಟಿನ ಮೇಲೆ ಬೀರಾಕಿನ ಡಬ್ಬ ಇತ್ತು, ಎರಡು ಉಳಿದಿದ್ದವು. ಒಂದನ್ನು ತೆಗೆದು ಕಚ್ಚಿದ. ಕೀಲಿ ತಿರುಗಿಸಬೇಕು, ಅಷ್ಟರಲ್ಲಿ ಢಮ್! ಬನ್ನು ಹಿಡಿದ ಕೈ ಅಲ್ಲೇ ನಿಂತಿತು. ಇನ್ನೊಂದು, ಢಮ್! ಮೈದಾನದ ಮೇಲಿಂದ ಹಕ್ಕಿಗಳು ಎದ್ದವು.

ಯಾರಪ್ಪಾ ಇವನು, ಎಂಥಾ ತೋಳು, ಎಂದುಕೊಂಡ ಎಲ್ಡನ್. ಎಲ್ಲ ತಿಳಿದೂ ಹಾಗೆಂದುಕೊಂಡ. ಆಮೇಲೆ ಕಿಟಕಿಯ ಗಾಜು ಪೂರ್ತಿ ಇಳಿಸಿ, ಲಾರಿ ಚಾಲೂ ಮಾಡದೆ, ಸೀಟಿಗೆ ಒರಗಿ ಕೂತ. ಮೂರು ವರ್ಷ ಊರಿಗೆಲ್ಲ ತಾನು ಹೇಗೆ ಕೇಳಿಸುತ್ತಿದ್ದೆ ಎಂಬುದನ್ನು ಅವನು ಬೇಲಿಯ ಹೊರಗೆ ಕೂತು ಮೊದಲ ಸಲ ಕೇಳಿದ.